ಅಪ್ಪನ ಹೆಸರಿನ ಹತ್ಯಾರದ ಪೆಟ್ಟಿಗೆ

ನಮ್ಮ ಮನೆಯಲ್ಲಿ ಸ್ಕ್ರೂಡ್ರೈವರುಗಳು ಇರುತ್ತಿದ್ದದ್ದು ಸೌಟುಗಳ ಜೊತೆಗೆ. ಒಲೆಯ ಪಕ್ಕದ ಅಗಲ ಬಾಯಿಯ ಡಬ್ಬಿಯಲ್ಲಿ ಸೌಟುಗಳೆಲ್ಲ ತಲೆ ಎತ್ತಿ ನಿಂತಿದ್ದರೆ, ಅವುಗಳ ನಡುವೆ ಸ್ಕ್ರೂಡ್ರೈವರುಗಳು ತಲೆ ತಗ್ಗಿಸಿಕೊಂಡು ನಿಂತಿರುತ್ತಿದ್ದವು. ನಟ್ಟು ಬಿಚ್ಚುವ ಪಾನಾಗಳು ಜೋಳದ ಡಬ್ಬಿಯ ಹಿಂದೆ, ತಂತಿ ಹಿಡಿಯುವ ಪಕ್ಕಡ ಹಳೆಯ ಟಿಫಿನ್ ಚೀಲದಲ್ಲಿ, ವೈರಿನ ಸುರುಳಿ ಹಪ್ಪಳದ ಬುಟ್ಟಿಯಲ್ಲಿ, ಕರೆಂಟ್ ನೋಡುವ ಟೆಸ್ಟರು ದೇವರ ಗೂಡಿನಲ್ಲಿ ಊದಿನಕಡ್ಡಿಯ ಪಕ್ಕದಲ್ಲಿ. ಒಮ್ಮೆ ಸೇಡಂನಿಂದ ಬಂದಿದ್ದ ಸೋದರತ್ತೆ, ಕಣ್ಣು ಮಂಜಾಗಿದ್ದ ಮುದುಕಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಕುದಿಯುವ ಬೇಳೆಯಲ್ಲಿ ಆಡಿಸಿಬಿಟ್ಟಳು. ಅದು ಸ್ಕ್ರೂಡ್ರೈವರ್. ಬೇರೆ ಯಾವ ಮನೆಯಲ್ಲಾದರೂ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮಲ್ಲಿ ಯಾರೂ ನಗಲಿಲ್ಲ. ಅವ್ವ ಅದನ್ನು ಮೆಲ್ಲನೆ ಅತ್ತೆಯ ಕೈಯಿಂದ ತೆಗೆದುಕೊಂಡು ಸೌಟು ಕೊಟ್ಟಳು, ಅಪ್ಪ ಪೇಪರಿನ ಹಿಂದೆ ಮುಖ ಮರೆಸಿಕೊಂಡ, ನಾನು ನೀರು ಕುಡಿಯುವ ನೆವ ಮಾಡಿ ಹೊರಗೆ ಹೋದೆ. ಕದ್ದ ಮಾಲು ಸಿಕ್ಕಿಬಿದ್ದ ಮನೆಯವರ ಹಾಗೆ ಆ ಸಂಜೆ ಮೂವರೂ ತಟ್ಟೆಯನ್ನೇ ನೋಡುತ್ತ ಉಂಡೆವು.

ಹತ್ಯಾರಗಳು ಅವ್ವನವು. ಮುಚ್ಚಿಡಬೇಕಾಗಿದ್ದ ಸಂಗತಿ ಅದೊಂದೇ. ಅವ್ವ ಹುಟ್ಟಿ ಬೆಳೆದದ್ದು ಹಿಟ್ಟಿನ ಗಿರಣಿಯಲ್ಲಿ. ಅಜ್ಜನಿಗೆ ಗಂಡುಮಕ್ಕಳಿರಲಿಲ್ಲ, ಹಾಗಾಗಿ ಯಂತ್ರದ ಪಟ್ಟಾ ಏರಿಸುವುದು, ಎಣ್ಣೆ ಬಿಡುವುದು, ಬೀಸುಕಲ್ಲು ಎತ್ತಿ ಉಳಿಯಿಂದ ಟಾಕಿ ಹಾಕುವುದು ಎಲ್ಲ ಅವಳ ಪಾಲಿಗೆ ಬಂದಿತ್ತು. ಕೆಟ್ಟ ಫ್ಯಾನನ್ನು ಎದುರಿಗಿಟ್ಟರೆ ಅವಳು ಮೊದಲು ಬಿಚ್ಚುತ್ತಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಮೋಟರಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಆಗ ಅವಳ ಮುಖ ನಮ್ಮ ಯಾರದ್ದೂ ಅಲ್ಲದ ಮುಖವಾಗಿರುತ್ತಿತ್ತು. ನನಗೆ ಆ ಮುಖ ಇಷ್ಟ, ಆದರೆ ಅದನ್ನು ಇನ್ನೊಬ್ಬರು ನೋಡಿಬಿಟ್ಟಾರೆಂಬ ಹೆದರಿಕೆ ಆ ಇಷ್ಟಕ್ಕಿಂತ ದೊಡ್ಡದು.

ಅಪ್ಪ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಗೋಡೌನಿನ ಗುಮಾಸ್ತ. ಬೆಳಿಗ್ಗೆ ಬಸ್ಸಿಗೆ ಜೋತುಬಿದ್ದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ, ಅಂಗಿಗೆ ಔಷಧಿಯ ಕಹಿ ವಾಸನೆ ಹಚ್ಚಿಕೊಂಡು. ಮೊಳೆ ಹೊಡೆಯಲು ಹೋಗಿ ಬೆರಳು ಜಜ್ಜಿಕೊಳ್ಳುವ ಜಾತಿಯ ಮನುಷ್ಯ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ತೆಲುಗರ ಓಣಿಗೆ ನಾವು ಬಾಡಿಗೆಗೆ ಬಂದ ಹೊಸತರಲ್ಲಿ ಎದುರು ಮನೆಯ ಸುಜಾತ ಆಂಟಿಯ ಟೇಬಲ್ ಫ್ಯಾನು ನಿಂತುಹೋಗಿತ್ತು. ಅವ್ವ ತೊಗೊಂಡು ಬಂದು ಸರಿಮಾಡಿ ಕೊಟ್ಟಳು. ಮರುದಿನ ಆಂಟಿಯ ಗಂಡ ನರಸಿಂಗ್ ಅಂಕಲ್ ಬಸ್ ಸ್ಟಾಪಿನಲ್ಲಿ ಎಲ್ಲರೆದುರು ಅಪ್ಪನ ಕೈ ಹಿಡಿದು ಕುಲುಕಿ, ನಿಮ್ಮ ಕೈಯಲ್ಲಿ ದೊಡ್ಡ ವಿದ್ಯೆ ಇದೆ ಸಾರ್ ಎಂದರಂತೆ. ಫ್ಯಾನು ರಿಪೇರಿ ಮಾಡಿದವರು ಯಾರೆಂದು ಅವರು ಕೇಳಲಿಲ್ಲ. ಕೇಳುವಂಥ ಮಾತು ಅದೆಂದು ಅವರಿಗೆ ಹೊಳೆಯಲೂ ಇಲ್ಲ. ಅಪ್ಪ ಸುಳ್ಳು ಹೇಳಲಿಲ್ಲ, ಸುಮ್ಮನಿದ್ದ. ಆ ಸುಮ್ಮನಿದ್ದದ್ದೇ ನಮ್ಮ ಮನೆಯ ಕಾಯಿದೆಯಾಯಿತು. ಓಣಿಯಲ್ಲಿ ಅಪ್ಪ 'ಮೆಕ್ಯಾನಿಕ್ ಸಾರ್' ಆದ. ಕೆಟ್ಟ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸ್ಟೌಗಳನ್ನು ಹೆಂಗಸರು ಹಗಲಲ್ಲಿ ತಂದು ಅವ್ವನ ಕೈಗೆ ಕೊಟ್ಟು, ಸಾರ್ ಬಂದ ಮೇಲೆ ಕೊಡಿ ಎಂದು ಹೇಳಿ ಹೋಗುತ್ತಿದ್ದರು. ಅವ್ವ ಮಧ್ಯಾಹ್ನ ಅವನ್ನು ಸರಿಮಾಡಿ, ಮೇಲೊಂದು ಟವೆಲ್ಲು ಹೊದಿಸಿ ಮೂಲೆಗಿಡುತ್ತಿದ್ದಳು. ಅಪ್ಪ ಸಂಜೆ ಬಂದು ಚಹಾ ಕುಡಿದು, ಸ್ವಲ್ಪ ಹೊತ್ತು ಕಳೆಯಲಿ ಎಂದು ಒಳಗೇ ಕೂತು, ಆಮೇಲೆ ಅವನ್ನು ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದ.

ನನಗೂ ಒಂದು ಕೆಲಸವಿತ್ತು. ಶಾಲೆ ಬಿಟ್ಟು ಬಂದ ಮೇಲೆ, ರಜಾ ದಿನಗಳಲ್ಲಿ, ಅವ್ವ ಯಾವುದಾದರೂ ಯಂತ್ರ ಬಿಚ್ಚಲು ಕೂತ ಕೂಡಲೇ ನಾನು ಎದ್ದು ಮುಂಬಾಗಿಲ ಚಿಲಕ ಹಾಕಬೇಕು. ಯಾರಾದರೂ ಬಾಗಿಲು ಬಡಿದರೆ "ಅವ್ವ ಸ್ನಾನಕ್ಕೆ ಹೋಗ್ಯಾಳ್ರಿ" ಎಂದು ಒಳಗಿನಿಂದಲೇ ಕೂಗಬೇಕು. ನಮ್ಮವ್ವ ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತಾಳೆಂದು ಓಣಿಯವರು ಏನಂದುಕೊಂಡಿದ್ದರೋ. ಯಾರೂ ನನಗೆ ಈ ಕೆಲಸ ಹಚ್ಚಿದ್ದು ನೆನಪಿಲ್ಲ. ಮಕ್ಕಳಿಗೆ ಮನೆಯ ನಾಚಿಕೆ ಎಲ್ಲಿದೆ ಎನ್ನುವುದು ಹೇಳದೆಯೇ ತಿಳಿಯುತ್ತದೆ. ಒಂದು ಸಲ ಸುಜಾತ ಆಂಟಿ ರೊಟ್ಟಿ ಬಡಿಯುವುದನ್ನು ಕಲಿಯಲು ಬಂದವಳು ಅವ್ವನ ಉಗುರುಗಳ ಸಂದಿಯಲ್ಲಿದ್ದ ಕರಿ ಗ್ರೀಸನ್ನೇ ನೋಡುತ್ತ ಕೂತಳು. ಅವ್ವ ಕೈಯನ್ನು ಹಿಟ್ಟಿನೊಳಗೆ ಮುಳುಗಿಸಿದಳು. ಆಂಟಿ ತನ್ನ ಹಿಟ್ಟಿನ ಉಂಡೆಯನ್ನು ಮತ್ತೆ ನಾದತೊಡಗಿದಳು.

ಮಹಾನವಮಿಯ ಖಂಡೇ ಪೂಜೆಯ ದಿನ ಈ ನಾಚಿಕೆಗೆ ಮೈ ಬರುತ್ತಿತ್ತು. ದುಡಿಯುವ ಸಾಮಾನನ್ನೆಲ್ಲ ತೊಳೆದು, ಮಣೆಯ ಮೇಲಿಟ್ಟು, ವಿಭೂತಿ ಕುಂಕುಮ ಹಚ್ಚಿ ಪೂಜಿಸುವ ದಿನ ಅದು. ನಮ್ಮ ಮಣೆಯ ಮೇಲೆ ಅಪ್ಪನ ಪೆನ್ನು, ನನ್ನ ಪುಸ್ತಕ, ಅವ್ವನ ಈಳಿಗೆ. ಪಾನಾಗಳು ಜೋಳದ ಡಬ್ಬಿಯ ಹಿಂದೆಯೇ ಉಳಿಯುತ್ತಿದ್ದವು, ಪೂಜೆಯ ಹೊತ್ತಿಗೆ ಯಾರಾದರೂ ಬಂದಾರೆಂದು. ಎಲ್ಲ ಮುಗಿದ ಮೇಲೆ ಅವ್ವ ಉಳಿದ ಕುಂಕುಮವನ್ನು ಬೆರಳಿನಲ್ಲಿ ತೆಗೆದುಕೊಂಡು ಅಡುಗೆಮನೆಗೆ ಹೋಗುವುದನ್ನು ನಾನು ನೋಡುತ್ತಿದ್ದೆ. ನೋಡದವಳಂತೆ ಪುಸ್ತಕದ ಮೇಲಿನ ಹೂವು ಸರಿಪಡಿಸುತ್ತಿದ್ದೆ.

ಒಂದು ವರ್ಷ ದಸರೆಯ ಮುಂಚೆ ಓಣಿಗೆಲ್ಲ ನೀರೆತ್ತುವ ಸಂಪಿನ ಮೋಟರು ಕೆಟ್ಟಿತು. ಮನೆಮನೆಗೆ ನೆಂಟರು ಬಂದ ಸಮಯ. ರಿಪೇರಿಯವನು ಹಬ್ಬ ಮುಗಿಯದೆ ಬರುವುದಿಲ್ಲವೆಂದ. ಗಂಡಸರೆಲ್ಲ ಸೇರಿ ಮೋಟರನ್ನು ಬಿಚ್ಚಿ, ಹೆಣ ಹೊತ್ತಂತೆ ಹೊತ್ತುಕೊಂಡು ಬಂದು ನಮ್ಮ ಮನೆಯೊಳಗೆ ಇಳಿಸಿ, ಸಾರ್ ನೋಡಲಿ ಎಂದು ಹೋದರು. ಅಪ್ಪನಿಗೆ ಅಂದು ರಜೆ, ಮನೆಯಲ್ಲೇ ಇದ್ದ. ನಾನು ಚಿಲಕ ಹಾಕಿದೆ. ಅವ್ವ ತಗಡಿನ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಕುಕ್ಕರುಗಾಲಲ್ಲಿ ಕೂತು ಕೂತು ಅವಳ ಸೊಂಟ ಹಿಡಿದುಹೋಗಿತ್ತು, ಆದರೆ ಪ್ರತಿ ಡಬ್ಬಿಯೂ ಅವಳ ಭಾರ ತಾಳದೆ ನಗ್ಗಿ ಹೋಗುತ್ತಿತ್ತು. ಮೋಟರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಅವ್ವ ಅದಕ್ಕೆ ಕಿವಿಗೊಟ್ಟು, ಇದರ ಕಂಡೆನ್ಸರ್ ಸತ್ತಿದೆ ಎಂದು ಹೇಳಿ, ಹಳೆಯದನ್ನು ಕಿತ್ತು ಅಪ್ಪನ ಕೈಗೆ ಕೊಟ್ಟು ಇಂಥದ್ದೇ ತನ್ನಿ ಎಂದು ಅಂಗಡಿಗೆ ಕಳಿಸಿದಳು. ಸಂಜೆಗೆ ನೀರು ಬಂತು. ಓಣಿಯ ಮಕ್ಕಳು ಅಪ್ಪನನ್ನು ನಡುವೆ ನಿಲ್ಲಿಸಿ ಕುಣಿದರು. ಅಪ್ಪ ಒದ್ದೆ ನೆಲವನ್ನು ನೋಡುತ್ತ ನಿಂತಿದ್ದ.

ಆಗಲೇ ಓಣಿಯ ಗಂಡಸರು ಅಪ್ಪನಿಗೊಂದು ಉಡುಗೊರೆ ಕೊಡುವುದೆಂದು ಗೊತ್ತುಮಾಡಿದರು. ಮೆಕ್ಯಾನಿಕ್ ಸಾರ್ ಮನೆಯಲ್ಲಿ ಹತ್ಯಾರ ಇಡಲು ಒಂದು ಪೆಟ್ಟಿಗೆಯೂ ಇಲ್ಲ, ಆಯುಧ ಪೂಜೆಯ ದಿನವೇ ಕೊಡೋಣ, ಸಾರ್‌ಗೆ ಗೊತ್ತಾಗಬಾರದು ಎಂದು ನರಸಿಂಗ್ ಅಂಕಲ್ ಗುಟ್ಟಾಗಿ ನನ್ನನ್ನು ಕರೆದರು. ಯಾವ ಪೆಟ್ಟಿಗೆ ಬೇಕೆಂದು ಮಗಳಿಗಲ್ಲದೆ ಯಾರಿಗೆ ಗೊತ್ತಿರುತ್ತದೆ ಎಂದು ಬಸ್ಸು ಹತ್ತಿಸಿ ಹತ್ಯಾರದ ಅಂಗಡಿಗಳ ಪೇಟೆಯಾದ ರಾಣಿಗಂಜಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅಪ್ಪನ ಗುಣಗಾನ. ನಾನು ಕಿಟಕಿಯ ಹೊರಗೆ ನೋಡುತ್ತ ಹೂಂ ಹೂಂ ಎನ್ನುತ್ತಿದ್ದೆ. ಈಗಲೇ ಹೇಳಿಬಿಡಲೇ ಎಂದು ಒಂದೊಂದು ಸ್ಟಾಪಿಗೂ ಅನ್ನಿಸಿತು. ಹೇಳಿದರೆ ಅಪ್ಪ ಬಸ್ ಸ್ಟಾಪಿನಲ್ಲಿ ಹೇಗೆ ನಿಲ್ಲುತ್ತಾನೆ ಎಂದೂ ಅನ್ನಿಸಿತು.

ರಾಣಿಗಂಜಿನ ಅಂಗಡಿಯಲ್ಲಿ ಪೆಟ್ಟಿಗೆಗಳು ಮಾಡಿನವರೆಗೆ ಪೇರಿಸಿದ್ದವು. ಅಂಕಲ್ಲಿನ ಕಣ್ಣು ಮೊದಲೇ ಒಂದು ಕೆಂಪು ಪೆಟ್ಟಿಗೆಯ ಮೇಲೆ ಬಿತ್ತು. ಸಾಲು ಸಾಲು ಡ್ರಾಯರು, ಕೆಳಗೆ ಗಾಲಿ, ಮದುವೆಯ ಬೀರುವಿನಂಥ ಥಳುಕು. ಅದರ ಪಕ್ಕ ತೆರೆದರೆ ಮೆಟ್ಟಿಲಿನಂತೆ ಎರಡೂ ಕಡೆ ಬಿಚ್ಚಿಕೊಳ್ಳುವ ಇನ್ನೊಂದು. ನಾನು ಎರಡನ್ನೂ ಬೇಡವೆಂದೆ. ಗಾಲಿಯದ್ದು ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ, ಮೆಟ್ಟಿಲಿನದ್ದರ ಮೇಲೆ ಯಾರೂ ಕೂರಲಾರರು. ನನ್ನ ಕಣ್ಣಿನ ಮುಂದೆ ಇದ್ದದ್ದು ಅವ್ವನ ಸೊಂಟ. ಮೂಲೆಯಲ್ಲಿ ಹಸಿರು ಬಣ್ಣದ ಒಂದು ದಪ್ಪ ತಗಡಿನ ಪೆಟ್ಟಿಗೆ ಇತ್ತು. ಮುಚ್ಚಳ ಮಣೆಯಂತೆ ಸಪಾಟು, ಎರಡೂ ಬದಿಗೆ ಹಿಡಿಕೆ, ಒಳಗೆ ಮೇಲಕ್ಕೆತ್ತಿ ನೆಲದ ಮೇಲಿಟ್ಟುಕೊಳ್ಳುವ ತಟ್ಟೆ. ಬೇಕಾದ ಹತ್ಯಾರವನ್ನು ತಟ್ಟೆಗೆ ತೆಗೆದುಕೊಂಡು, ಮುಚ್ಚಳ ಹಾಕಿ, ಮೇಲೆ ಕೂತು ಕೆಲಸ ಮಾಡಬಹುದು. ನಾನು ಹೋಗಿ ಅದರ ಮೇಲೆ ಕೂತು ನೋಡಿದೆ. ಸ್ವಲ್ಪವೂ ಬಾಗಲಿಲ್ಲ. ಅಂಗಡಿಯ ಮುದುಕ ಸಾಹೇಬರು ನನ್ನ ಗತ್ತು ನೋಡಿ ನಕ್ಕು, ಒಂದು ಪಾನಾ ಸೆಟ್ಟನ್ನೂ ಇಳಿಸುತ್ತ ಕೇಳಿದರು:

"ಪಪ್ಪಾ ಕಾ ಹಾತ್ ಕಿತ್ತಾ ಬಡಾ ಹೈ, ಬೇಟಾ?"

ಅಪ್ಪನ ಕೈ ಎಷ್ಟು ದೊಡ್ಡದು ಎಂದು. ನಾನು ಯೋಚಿಸದೆ ನನ್ನ ಕೈ ಚಾಚಿ, ಬೆರಳ ತುದಿಯಿಂದ ಇನ್ನೊಂದಿಷ್ಟು ಮುಂದಕ್ಕೆ ತೋರಿಸಿದೆ. ಅವರು ತಲೆ ಅಲ್ಲಾಡಿಸಿ, ಇದು ಪಪ್ಪಾನ ಕೈಯಲ್ಲ, ಅಮ್ಮನ ಕೈ ಎಂದರು. ಅಂಕಲ್ ಜೋರಾಗಿ ನಕ್ಕರು. ನಾನೂ ನಕ್ಕೆ. ಚಾಚಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಪಾನಾ ಸೆಟ್ಟು ಅಲ್ಲೇ ಉಳಿಯಿತು, ಪೆಟ್ಟಿಗೆ ಅದೇ ಆಯಿತು. ಆದರೆ ಅಂಕಲ್ ಅಷ್ಟಕ್ಕೇ ಬಿಡಲಿಲ್ಲ. ಹೆಸರಿಲ್ಲದ ಉಡುಗೊರೆ ಉಡುಗೊರೆಯೇ ಅಲ್ಲವೆಂದು, ಗಾಡಿಗಳ ನಂಬರ್ ಪ್ಲೇಟು ಬರೆಯುವವನ ಬಳಿ ನಿಲ್ಲಿಸಿ ಅಪ್ಪನ ಹೆಸರು ಬರೆಸಿದರು. ನನ್ನ ಜೀವ ಹಾರಿತು. ನಮ್ಮವ್ವ ಅಪ್ಪನ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ, ಗ್ಯಾಸಿನವನು ಕೇಳಿದರೂ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಅಪ್ಪನ ಹೆಸರಿಗೆ ಬಂದ ಮದುವೆಯ ಕಾಗದ ನೆಲಕ್ಕೆ ಬಿದ್ದರೂ ಎತ್ತಿ ಕಣ್ಣಿಗೆ ಒತ್ತಿಕೊಳ್ಳುವವಳು. ಮುಂದಿನ ಬದಿಗೆ ಬರೆಸಿ ಅಂಕಲ್, ಮೇಲೆ ಬೇಡ ಎಂದು ಬೇಡಿಕೊಂಡೆ. ಎಲ್ಲರಿಗೂ ಕಾಣಬೇಡವೇ ಎಂದು ಅವರು ಸಪಾಟಾದ ಆ ಮುಚ್ಚಳದ ತುಂಬ ಬಿಳಿ ಬಣ್ಣದಲ್ಲಿ, ದಪ್ಪ ತೆಲುಗು ಅಕ್ಷರದಲ್ಲಿ 'ಮೆಕ್ಯಾನಿಕ್ ಶರಣಪ್ಪ ಗಾರು' ಎಂದು ಬರೆಸಿದರು. ಬಣ್ಣ ಒಣಗುವವರೆಗೆ ನಾನು ಪಕ್ಕದಲ್ಲಿ ನಿಂತು ನೊಣ ಓಡಿಸಿದೆ.

ಹಬ್ಬದ ದಿನ ಸಂಪಿನ ಪಕ್ಕದ ಬಯಲಲ್ಲಿ ಒಂದು ಟೇಬಲ್ಲು ಹಾಕಿ ಓಣಿಯವರೆಲ್ಲ ಸೇರಿದರು. ಅಪ್ಪನಿಗೆ ಶಾಲು ಹೊದಿಸಿದರು. ಅವ್ವ ಹೆಂಗಸರ ಸಾಲಿನ ಕೊನೆಯಲ್ಲಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಳು. ಬರಿದಾದ ಪಾತ್ರೆಯನ್ನಾಗಲಿ ಪೆಟ್ಟಿಗೆಯನ್ನಾಗಲಿ ಯಾರ ಮನೆಗೂ ಹಾಗೇ ಕೊಡಬಾರದು, ಏನಾದರೂ ಹಾಕಿಯೇ ಕೊಡಬೇಕು ಎನ್ನುವುದು ಓಣಿಯ ತೆಲುಗರಲ್ಲೂ ನಮ್ಮಲ್ಲೂ ಒಂದೇ. ಪೆಟ್ಟಿಗೆ ತುಂಬುವ ಕೆಲಸವನ್ನು ಗಂಡಸರು ಸುಜಾತ ಆಂಟಿಗೆ ಬಿಟ್ಟಿದ್ದರು. ತೆಂಗಿನಕಾಯಿ, ಸಕ್ಕರೆ ಹಾಕಿರುತ್ತಾಳೆ, ಅಷ್ಟೇ ಎಂದು ಎಲ್ಲರೂ ತಿಳಿದಿದ್ದರು. ಅಂಕಲ್ ಮಾತು ಮುಗಿಸಿ, ಸಾರ್ ಮುಚ್ಚಳ ತೆಗೆದು ಎಲ್ಲರಿಗೂ ತೋರಿಸಿ ಎಂದರು. ಅಪ್ಪ ತೆಗೆದ.

ತಟ್ಟೆಯಲ್ಲಿ ಇದ್ದದ್ದು ಹಸಿರು ಕುಪ್ಪಸದ ಖಣ, ಹಸಿರು ಗಾಜಿನ ಬಳೆ, ಅರಿಶಿನ, ಕುಂಕುಮ, ಎಲೆ ಅಡಿಕೆ. ಮುತ್ತೈದೆಗೆ ಉಡಿ ತುಂಬುವ ಸಾಮಾನೆಲ್ಲ, ಒಂದೂ ಬಿಡದೆ. ಗಂಡಸೊಬ್ಬನ ಹತ್ಯಾರದ ಪೆಟ್ಟಿಗೆಯಲ್ಲಿ ಬಳೆ ಯಾಕಿದೆ ಎಂದು ಗಂಡಸರು ಮುಖ ಮುಖ ನೋಡಿಕೊಂಡರು. ಹೆಂಗಸರು ಯಾರೂ ನೋಡಿಕೊಳ್ಳಲಿಲ್ಲ. ಅವರೆಲ್ಲ ಅಪ್ಪನನ್ನೇ ನೋಡುತ್ತಿದ್ದರು, ಸಿಟ್ಟಿನಿಂದಲ್ಲ, ಹಾಲು ಉಕ್ಕುವುದನ್ನು ಕಾಯುವವರಂತೆ. ಆಗ ನನಗೆ ತಿಳಿಯಿತು, ಓಣಿಯ ಹೆಂಗಸರಿಗೆಲ್ಲ ಮೊದಲಿನಿಂದಲೂ ಗೊತ್ತಿತ್ತು. ನಾನು ಹಾಕಿದ ಚಿಲಕ, ಕೂಗಿದ ಸ್ನಾನ, ಅವ್ವ ಹೊದಿಸಿದ ಟವೆಲ್ಲು ಒಂದೂ ಅವರಿಂದ ಏನನ್ನೂ ಮುಚ್ಚಿರಲಿಲ್ಲ. ಅವರು ಅಪ್ಪನಿಗೆ ಬಾಯಿ ಬಿಡಲು ಒಂದು ಅವಕಾಶ ಕಟ್ಟಿಕೊಟ್ಟಿದ್ದರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅಪ್ಪನ ತುಟಿ ಅಲುಗಿತು. ಅವನು ಹೆಂಗಸರ ಸಾಲಿನ ಕೊನೆಗೆ ಒಮ್ಮೆ ನೋಡಿದ. ಅವ್ವ ಇಲ್ಲ ಎಂಬಂತೆ ತಲೆ ಆಡಿಸಿದಳೋ, ಸೆರಗು ಸರಿಮಾಡಿಕೊಂಡಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಪ್ಪ ಮುಚ್ಚಳ ಹಾಕಿ, ಮನೆಯವಳಿಗೂ ಮರೆಯದೆ ಕೊಟ್ಟಿದ್ದೀರಿ, ಬಹಳ ಸಂತೋಷ ಎಂದು ತೆಲುಗಿನಲ್ಲಿ ಹೇಳಿ ಕೈ ಮುಗಿದ. ಗಂಡಸರು ಚಪ್ಪಾಳೆ ತಟ್ಟಿದರು.

ಓಣಿಯ ಗಂಡಸರು ಪೆಟ್ಟಿಗೆಯನ್ನು ಮನೆಗೆ ಹೊತ್ತು ತಂದು ಪೂಜೆಯ ಮಣೆಯ ಪಕ್ಕ ಇಳಿಸಿ ಹೋದರು. ಅವ್ವ ಅಡುಗೆಮನೆಯಿಂದ ಪಾನಾ, ಪಕ್ಕಡ, ಸ್ಕ್ರೂಡ್ರೈವರು ಎಲ್ಲವನ್ನೂ ತಂದು ಒರೆಸಿ, ಒಳಗೆ ಜೋಡಿಸಿದಳು. ಎಲ್ಲವೂ ಹಿಡಿಸಿದವು. ನಾನು ಆಸೆಯಿಂದ, ಕೂತು ನೋಡು ಅವ್ವ, ನಿನ್ನ ಸಲುವಾಗಿಯೇ ಆರಿಸಿದ್ದು ಎಂದೆ. ಅವಳು ಮುಚ್ಚಳದ ಅಕ್ಷರಗಳ ಮೇಲೆ ಕೈಯಾಡಿಸಿದಳು. ಅವಳಿಗೆ ತೆಲುಗು ಓದಲು ಬರುತ್ತಿರಲಿಲ್ಲ, ಆದರೂ ಏನು ಬರೆದಿದೆ ಎಂದು ನನ್ನನ್ನು ಕೇಳಲಿಲ್ಲ.

"ನಿಮ್ಮಪ್ಪನ ಹೆಸರಿನ ಮ್ಯಾಲೆ ಹೆಂಗ ಕುಂದರಲೆವ್ವ?" ಎಂದಳು.

ಅಪ್ಪ ಅಂಗಿಯ ಗುಂಡಿ ಬಿಚ್ಚುತ್ತ ನಿಂತಿದ್ದವನು ಹಾಗೇ ನಿಂತ.

"ಅಳಿಸಿ ಒಗಿತೀನಿ ತಗೋ" ಎಂದ.

"ಊರ ಮಂದಿ ಬರಿಸಿ ಕೊಟ್ಟಾರ. ಅಳಿಸಿದ್ರ ಯಾಕಂತ ಕೇಳತಾರ್ರಿ. ಏನ ಹೇಳತೀರಿ?"

ಅಪ್ಪ ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡ. ಅವ್ವ ವಿಭೂತಿ, ಕುಂಕುಮ ತಂದು ಪೆಟ್ಟಿಗೆಗೆ ಹಚ್ಚಿದಳು. ಅವಳ ಹತ್ಯಾರಗಳು ಮೊದಲ ಸಲ ಮಣೆಯ ಪಕ್ಕ ಪೂಜೆಗೆ ಕೂತವು, ಅಪ್ಪನ ಹೆಸರಿನ ಕೆಳಗೆ. ಆಮೇಲೆ ಎಷ್ಟೋ ವರ್ಷ ಅವ್ವ ಆ ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತೇ ಓಣಿಯ ಮಿಕ್ಸಿಗಳನ್ನು ಸರಿಮಾಡಿದಳು. ಸುಜಾತ ಆಂಟಿ ಸಾಮಾನು ತಂದಾಗಲೆಲ್ಲ, ಸಾರ್‌ಗೆ ಕೊಡಿ ಎಂದು ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಸುಮ್ಮನೆ ಹೊಸ್ತಿಲೊಳಗಿಟ್ಟು ಹೋಗುತ್ತಿದ್ದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಈಗ ಅಪ್ಪ, ಅವ್ವ ಇಬ್ಬರೂ ಮಣಿಕೊಂಡದ ಫ್ಲಾಟಿನಲ್ಲಿ ನನ್ನ ಜೊತೆಗಿದ್ದಾರೆ. ಹಸಿರು ಪೆಟ್ಟಿಗೆ ಬಾಲ್ಕನಿಯ ಬಾಗಿಲ ಪಕ್ಕದಲ್ಲಿದೆ. ಅವ್ವನ ಕೈಗಳು ವಯಸ್ಸಿಗೆ ನಡುಗುತ್ತವೆ, ಸ್ಕ್ರೂವಿನ ಗೀರಿಗೆ ಸ್ಕ್ರೂಡ್ರೈವರಿನ ತುದಿ ನಿಲ್ಲುವುದಿಲ್ಲ. ಮೊನ್ನೆ ಪಕ್ಕದ ಫ್ಲಾಟಿನ ಹುಡುಗಿ, ಬಳ್ಳಾರಿಯ ಕಡೆಯವಳು, ತೆಲುಗೂ ಬಲ್ಲವಳು, ಹೊಸದಾಗಿ ಮದುವೆಯಾಗಿ ಬಂದವಳು, ಕೆಟ್ಟ ಮಿಕ್ಸಿ ಹಿಡಿದುಕೊಂಡು, ರಿಪೇರಿ ಅಂಗಡಿ ಎಲ್ಲಿದೆ ಎಂದು ಕೇಳಲು ಬಂದಳು. ಮುಚ್ಚಳದ ಹೆಸರು ಓದಿ, ಅಜ್ಜಾರು ಮೆಕ್ಯಾನಿಕ್ ಅಂತ ಗೊತ್ತೇ ಇರಲಿಲ್ಲ ಎಂದಳು. ಅಪ್ಪ ಕಿವಿಯ ಯಂತ್ರ ಸರಿಮಾಡಿಕೊಂಡು, ಅವಳ ಮುಖ ನೋಡಿ ಹೇಳಿದ:

"ನಾ ಅಲ್ಲವಾ. ನನಗ ಒಂದ ಮೊಳಿ ಹೊಡ್ಯಾಕೂ ಬರಂಗಿಲ್ಲ. ಎಲ್ಲಾ ಮಾಡಿದಾಕಿ ಮಹಾದೇವಿ. ಅಗಾ, ಅಲ್ಲಿ ಕುಂತಾಳಲ್ಲ, ಆಕಿ."

ಅಪ್ಪನ ಬಾಯಲ್ಲಿ ಅವ್ವನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ವಯಸ್ಸಾತಲ್ಲವಾ, ಹಿಂಗಽ ಏನರ ಅಂತಿರತಾರ. ಎಲ್ಲಾ ಅವರಽ ಮಾಡತಿದ್ದರು. ಇಟ್ಟು ಹೋಗು" ಎಂದಳು.

ಹುಡುಗಿ ಅವ್ವನ ಮಾತನ್ನೇ ನಂಬಿದಳು. ಅಜ್ಜಾರು ಚೇಷ್ಟೆ ಮಾಡುತ್ತಾರೆ ಎಂದು ನಕ್ಕು, ಮಿಕ್ಸಿಯನ್ನು ಅಪ್ಪನ ಎದುರಿಗೆ ಇಟ್ಟು ಹೋದಳು. ಅಷ್ಟು ವರ್ಷ ಬಾಯಿಗೆ ಬಾರದ್ದನ್ನು ಕೊನೆಗೂ ಹೇಳಿದ ಅಪ್ಪನ ಮುಖ ನನಗೆ ನೋಡಲಾಗಲಿಲ್ಲ. ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಪೆಟ್ಟಿಗೆಯ ಮುಚ್ಚಳದ ಮೇಲೆ ಹಾಸಿದ. ಹೆಸರು ಪೂರಾ ಮುಚ್ಚಿಹೋಯಿತು. ಇಷ್ಟು ಸುಲಭವಿತ್ತು.

"ಈಗರ ಕುಂದರು" ಎಂದ.

"ಈಗ ನನಗ ಕುರ್ಚಿ ಐತ್ರಿ."

ಅಪ್ಪ ತಾನೇ ಅದರ ಮೇಲೆ ಕೂತ. ಮಿಕ್ಸಿಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಅವ್ವನ ಕಡೆ ನೋಡಿದ. ಅವ್ವ ಅವರೆಕಾಯಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. ಮೊದಲು ಕೆಳಗಿನ ರಬ್ಬರಿನ ಕಾಲು ತೆಗೆಯಿರಿ, ಸ್ಕ್ರೂ ಅದರೊಳಗೆ ಇರುತ್ತವೆ ಎಂದು ಹೇಳತೊಡಗಿದಳು. ಅಪ್ಪ ಅವಳು ಹೇಳಿದಂತೆ ಮಾಡತೊಡಗಿದ. ಒಂದು ಸ್ಕ್ರೂ ಉರುಳಿ ಕುರ್ಚಿಯ ಕೆಳಗೆ ಹೋಯಿತು.

"ಬಾಗಲಾ ಯಾಕ ಹಾಕಿದಿ?" ಎಂದು ಅವ್ವ ಕೇಳಿದಾಗಲೇ ನನಗೆ ಗೊತ್ತಾದದ್ದು. ನಾನು ಯಾವಾಗಲೋ ಎದ್ದು ಹೋಗಿ ಮುಂಬಾಗಿಲಿನ ಬಳಿ ನಿಂತಿದ್ದೆ. ಹಾಡುಹಗಲು. ನನ್ನ ಕೈ ಇನ್ನೂ ಚಿಲಕದ ಮೇಲೇ ಇತ್ತು.